ಕೊಂಬಿಗೆ ಕೊಟ್ಟ ಉಸಿರು

“ಎಲ್ಲಿ ಬೇಕಾದ್ರೂ ಹೊಡ್ಕೋ ನೋನೋ, ತಮ್ಮಾ. ಆ ಗುಳಿಯೊಳಗೆ ಮಾತ್ರ ಡೇರೆ ಹಾಕ್ಬೇಡ.”

ಎಲ್ಲರಿಗೂ ಅಜ್ಜಿಯಾದ ಆಬಿ ಛೋರೋಲ್ ಮೇಕೆಯ ಹೊಟ್ಟೆಯಡಿ ಬಾಚಣಿಗೆ ಎಳೆಯುತ್ತಲೇ ಹೇಳಿದಳು, ತಲೆ ಎತ್ತಲಿಲ್ಲ. ಮುತುಪ್ ನಕ್ಕುಬಿಟ್ಟ.

“ಯಾಕೆ ಆಬಿ-ಲೇ, ನಿಮ್ಮ ಗಂಡ ಒಳಗೆ ಮಲಗಿದಾನಾ?”

“ಗಂಡ ಆಗಿದ್ರೆ ನಾನೇ ಒದ್ದು ಎಬ್ಬಿಸ್ತಿದ್ದೆ. ನೀನು ಮಗು ಇರೋನು. ಅದಕ್ಕೆ ಹೇಳ್ದೆ.”

“ಹೇಳಿದ್ದಾಯ್ತಲ್ಲ. ಇನ್ನು ನಿಮ್ಮ ಮೇಕೆ ನೋಡ್ಕೊಳ್ಳಿ.”

ಆ ಉಪ್ಪು ಕೆರೆಯ ದಂಡೆಯಲ್ಲಿ ಹೊತ್ತು ನೆತ್ತಿಯಿಂದ ಇಳಿಯಿತೆಂದರೆ ಗಾಳಿ ಏಳುತ್ತದೆ. ಲೇಹ್‌ನಿಂದ ತಂದ ನೈಲಾನ್ ಡೇರೆಗಳನ್ನು ಕಾಗದದಂತೆ ಹರಿದುಹಾಕುತ್ತದೆ. ಅದಕ್ಕೇ ಮೇಕೆ ಮೇಯಿಸುವ ಅಲೆಮಾರಿ ಚಾಂಗ್ಪಾಗಳು ಸೊಂಟದಾಳ ತೋಡಿ, ಸುತ್ತ ಕಲ್ಲು ಕಟ್ಟಿ, ಆ ಗುಳಿಗಳೊಳಗೆ ತಮ್ಮ ಕರಿ ಡೇರೆ ಹೂಡುತ್ತಾರೆ. ಮನೆತನಕ್ಕೊಂದು ಗುಳಿ. ಇದೊಂದು ಮಾತ್ರ ಖಾಲಿ. ಅದರೊಳಗೆ ಒಂದು ಹಿಕ್ಕೆಯೂ ಇರಲಿಲ್ಲ. ಮೇಕೆಗಳು ಕೂಡ ಅದನ್ನು ಸುತ್ತಿ ಬಳಸಿಕೊಂಡು ಹೋಗುತ್ತಿದ್ದವು. ಮುತುಪ್‌ನ ಕಣ್ಣಿಗೆ ಅದು ಬೀಳಲಿಲ್ಲವೆಂದಲ್ಲ. ಬಿದ್ದರೂ ಅಷ್ಟೇ ಎಂದುಕೊಂಡ.

ಎರಡು ಚಳಿಗಾಲದ ಹಿಂದೆ ಅವನ ಹೆಂಡತಿ ಜ್ವರದಲ್ಲಿ ಬೇಯುತ್ತಿದ್ದಾಗ ಊರವರು ಮೂರು ದಿನ ತಲೆದೆಸೆಯಲ್ಲಿ ಗಂಟೆ ಬಾರಿಸಿದ್ದರು, ಶುಕ್ಪಾ ಸೊಪ್ಪಿನ ಹೊಗೆ ಹಾಕಿದ್ದರು, ಯಾವ ದೆವ್ವವೆಂದು ತಮ್ಮತಮ್ಮಲ್ಲೇ ಜಗಳಾಡಿದ್ದರು. ಆಸ್ಪತ್ರೆಗೆ ಗಾಡಿ ತರಲು ಒಬ್ಬನೂ ಏಳಲಿಲ್ಲ. ನಾಲ್ಕನೆಯ ದಿನ ಅವಳು ಹೋದಳು. ಅಂದಿನಿಂದ ದೆವ್ವವೆಂಬ ಮಾತು ಕಿವಿಗೆ ಬಿದ್ದರೆ ಅವನ ಮೈ ಉರಿಯುತ್ತಿತ್ತು. ಇನ್ನು ಉಳಿದವಳು ನಾಲ್ಕು ವರ್ಷದ ಮಗಳು ಜಾಂಗ್ಮೋ ಒಬ್ಬಳೇ. ಪ್ರವಾಸಿಗರಿಗೆ ಡೇರೆ ಹಾಕಿಕೊಡುವ ಕೆಲಸ ಹಿಡಿದು ಇಷ್ಟು ಎತ್ತರಕ್ಕೆ ಬಂದವನು ಅವಳನ್ನೂ ಹೆಗಲ ಮೇಲೆ ಹೊತ್ತು ತಂದಿದ್ದ. ಬಿಟ್ಟು ಬರಲು ಅವನಿಗೆ ಯಾರ ಮನೆಯೂ ಇರಲಿಲ್ಲ.

ಗುಳಿಯ ನಡುವೆ ಮೂರು ಒಲೆಗಲ್ಲುಗಳನ್ನು ಬೋರಲು ಹಾಕಿದ್ದರು, ಮಸಿ ಹಿಡಿದ ಮೈ ಮಣ್ಣಿನ ಕಡೆಗೆ. ಮುತುಪ್ ಅವನ್ನು ಕಾಲಿನಿಂದ ತಳ್ಳಿ, ಕಂಬ ನೆಡಲು ಹಾರೆ ಹಾಕಿದ. ನೆಲ ಟೊಳ್ಳಾಗಿ ಸದ್ದು ಮಾಡಿತು. ಮೊಳದಾಳದಲ್ಲಿ ಒಂದು ಯಾಕ್ ಕೊಂಬು ಸಿಕ್ಕಿತು. ಅದರ ಬಾಯಿಗೆ ಬೆಣ್ಣೆಯಲ್ಲಿ ಅದ್ದಿದ ಕರಿ ಉಣ್ಣೆಯ ಬಿರಡೆ.

“ಆಬಾ, ಏನದು?” ಜಾಂಗ್ಮೋ ಗುಳಿಯ ಅಂಚಿನಿಂದ ಬಗ್ಗಿದಳು.

“ತುತ್ತೂರಿ. ನಿನಗೆ ಅಂತಾನೇ ಹೂತಿಟ್ಟಿದಾರೆ.”

ಬಿರಡೆ ಕಿತ್ತ. ಕಪ್ಪಗೆ ಕೊಳೆತ ಬಾರ್ಲಿ ಉದುರಿತು. ಅದರ ಜೊತೆ ಮೂರು ಹಾಲುಹಲ್ಲು. ಹಳಸಿದ ಹಾಲಿನ, ನೀರಲ್ಲಿ ನೆನೆದ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅವನ ಕೈ ಅರೆಗಳಿಗೆ ನಿಂತಿತು. ಮಗಳು ನೋಡುತ್ತಿದ್ದಾಳೆ. ಮಗಳ ಮುಂದೆ ಹೆದರುವುದೇ? ಅವನು ಕೊಂಬನ್ನು ಬಾಯಿಗಿಟ್ಟು, ಕೆನ್ನೆಯುಬ್ಬಿಸಿ, ಬಲವಾಗಿ ಊದಿದ.

ಸದ್ದೇ ಬರಲಿಲ್ಲ. ಊದಿದ ಉಸಿರು ಒಳಗೆ ಹೋಯಿತು, ಹೋಗುತ್ತಲೇ ಇತ್ತು, ಯಾರೋ ಆ ತುದಿಯಲ್ಲಿ ಬಾಯಿಟ್ಟು ಎಳೆದುಕೊಂಡಂತೆ. ಎದೆ ಬರಿದಾಗಿ ಕಣ್ಣು ಕತ್ತಲಿಟ್ಟು ಕೆಮ್ಮುತ್ತ ಕುಕ್ಕರಿಸಿದ. ಅವನ ಕೆಂಪು ಮುಖ ನೋಡಿ ಜಾಂಗ್ಮೋ ಚಪ್ಪಾಳೆ ತಟ್ಟಿ ನಕ್ಕಳು.

ಊಟವಾಗಿ, ಅವನು ಗೂಟ ಬಡಿಯುತ್ತಿದ್ದಾಗ ಅವಳು ಹಿಂದಿನಿಂದ ಬಂದು ಅಂಗಿ ಜಗ್ಗಿದಳು.

“ಆಬಾ, ಯಾಕೆ ಕರೆದೆ?”

“ನಾನೆಲ್ಲಿ ಕರೆದೆ? ಇಲ್ಲೇ ಇದೀನಲ್ಲ.”

“ಕೆರೆಯಿಂದ ಕರೆದೆ. ಬಾ ಮಗಳೇ, ನೀರು ಬೆಚ್ಚಗಿದೆ ಅಂದೆ. ಬಂದೆ. ನೀನಿರಲಿಲ್ಲ.”

ಅವಳ ಬೂಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇಸಿಗೆಯಲ್ಲೂ ಬೆರಳಿಟ್ಟರೆ ಮೂಳೆ ಸೀಳುವ ನೀರು ಅದು. ಮುತುಪ್ ಗದರಿದ, ಕಾಲುಚೀಲ ಬದಲಿಸಿದ, ಪಾದಗಳನ್ನು ಅಂಗೈಯಲ್ಲಿ ಉಜ್ಜಿದ. ಪಾದಗಳು ತಣ್ಣಗಿರಲಿಲ್ಲ. ಬೆಚ್ಚಗಿದ್ದವು. ಗುಳಿ ಬಿಟ್ಟು ಕದಲಬೇಡವೆಂದು ಹೇಳಿ ಅವನು ಮತ್ತೆ ಗೂಟಕ್ಕೆ ಕೈ ಹಾಕಿದ.

ಮೂರು ಗಂಟೆಗೆ ಗಾಳಿ ಎದ್ದಿತು. ಆವೊತ್ತಿನ ಗಾಳಿ ಬೇರೆ. ಒಣಗಿದ ದಂಡೆಯ ಉಪ್ಪನ್ನೆಲ್ಲ ಬಾಚಿ ಮೇಲಕ್ಕೆಸೆಯಿತು. ಬೆಟ್ಟ ಹೋಯಿತು, ಕೆರೆ ಹೋಯಿತು, ಸೂರ್ಯ ಹೋದ. ಹಾಡುಹಗಲು ಬೂದಿಯೊಳಗೆ ಹೂತುಹೋಯಿತು. ಹಲ್ಲಿನ ನಡುವೆ ಉಪ್ಪು ಕರಕರ ಎನ್ನುತ್ತಿತ್ತು. ಅವನು ತಿರುಗಿ ನೋಡಿದ. ಗುಳಿಯಲ್ಲಿ ಮಗು ಇರಲಿಲ್ಲ.

“ಜಾಂಗ್ಮೋ.”

“ಜಾಂಗ್ಮೋ,” ಎಂದಿತು ಕೆರೆ.

ಅವನದೇ ದನಿ. ಬೆಟ್ಟದ ಮಾರ್ದನಿ ಇರಬೇಕೆಂದು ಮತ್ತೆ ಬಾಯಿ ತೆರೆದ. ಈ ಸಲ ಅವನ ಬಾಯಿಂದ ಸದ್ದು ಹೊರಡುವ ಮೊದಲೇ ಅದು ಕರೆಯಿತು.

“ಬಾ ಮಗಳೇ. ಇಲ್ಲಿದೀನಿ.”

“ಬಂದೆ ಆಬಾ.” ಮಗುವಿನ ದನಿ, ದೂರದಲ್ಲಿ. ಕೂಡಲೇ ನೀರು ತುಳಿಯುವ ಸದ್ದು.

ಅವನು ಓಡಿದ. ಕಲ್ಲಿಗೆ ಎಡವಿದ. ಎದ್ದ. ಯಾವ ಕಡೆ ಕೆರೆ? ಎಲ್ಲ ಕಡೆ ಅದೇ ಬೂದಿ. “ಜಾಂಗ್ಮೋ, ನಿಲ್ಲು, ಅಲ್ಲೇ ನಿಲ್ಲು.” “ಬಾ, ಇನ್ನೂ ಬಾ,” ಎಂದಿತು ಅವನ ದನಿ, ಅವನಿಗಿಂತ ಮೆತ್ತಗೆ, ಅವನಿಗಿಂತ ಅಕ್ಕರೆಯಿಂದ.

ಹಿಂದಿನಿಂದ ಒಂದು ಕೈ ಅವನ ಬಾಯಿ ಮುಚ್ಚಿತು. ಮೇಕೆಯ, ಬೆರಣಿ ಹೊಗೆಯ ವಾಸನೆ. ಆಬಿ ಛೋರೋಲ್.

“ಕರೀಬೇಡ. ಊದಿದೆಯಾ ಕೊಂಬು?”

ಹೌದೆಂದು ತಲೆಯಾಡಿಸಿದ.

“ನಿನ್ನ ಉಸಿರು ಅದರ ಹತ್ರ ಇದೆ. ನಿನ್ನದು ಏನೇನಿದೆಯೋ ಎಲ್ಲಾ ಈಗ ಅದರದ್ದು. ಅವಳು ನಿನ್ನವಳಲ್ಲ ಅಂತಾದ್ರೆ ಮಾತ್ರ ಅದರವಳೂ ಅಲ್ಲ. ಹೇಳು. ಅವಳಿಗೆ ಕೇಳೋ ಹಾಗೆ ಹೇಳು.”

“ಏನಂತ?”

“ನಾನು ನಿನ್ನಪ್ಪ ಅಲ್ಲ ಅಂತ.”

“ಹುಚ್ಚು ಮುದುಕಿ, ಬಿಡು ನನ್ನ. ಅವಳು ನನ್ನ ಮಗಳು.”

“ಹಾಗಾದ್ರೆ ಹೋಯ್ತು ಬಿಡು.”

ನೀರಿನ ಸದ್ದು ನಿಂತಿತು. ತುಳಿಯುತ್ತಿಲ್ಲ ಈಗ. ಕಾಲಿಗೆ ನೆಲ ಸಿಗುತ್ತಿಲ್ಲ. ಒಂದು ಗುಟುಕು. ಒಂದು ಕೆಮ್ಮು. ಎರಡು ಚಳಿಗಾಲದಿಂದ ಅವನು ಬಚ್ಚಿಟ್ಟುಕೊಂಡಿದ್ದು ಆ ಮಗುವೊಂದನ್ನೇ. ಅದು ಕೆಮ್ಮುತ್ತಿತ್ತು.

“ಜಾಂಗ್ಮೋ.” ಅವನು ಕೂಗಿದ. “ನಾನು ನಿನ್ನಪ್ಪ ಅಲ್ಲ. ನೀನು ನನ್ನ ಮಗಳಲ್ಲ. ನೀನು ಯಾರೋ ನನಗೆ ಗೊತ್ತೇ ಇಲ್ಲ.”

ಕೆರೆ ಸುಮ್ಮನಾಯಿತು. ಗಾಳಿಯೂ ನಿಂತಿತು. ಆಮೇಲೆ ಮಗು ಅತ್ತಿತು. ಬಿದ್ದಾಗ ಅಳುವ ಅಳುವಲ್ಲ. ಆ ಅಳು ಅವನು ಹಿಂದೆಂದೂ ಕೇಳಿರಲಿಲ್ಲ. ಛೋರೋಲ್ ಅದರ ಜಾಡು ಹಿಡಿದು, ಎದೆಮಟ್ಟ ನೀರಿಗಿಳಿದು, ಅವಳನ್ನು ಜುಟ್ಟು ಹಿಡಿದು ಎಳೆದು ತಂದಳು.

ಮುದುಕಿಯ ಡೇರೆಯಲ್ಲಿ, ಕಂಬಳಿಯೊಳಗೆ ಜಾಂಗ್ಮೋಳ ತುಟಿ ನೀಲಿಯಾಗಿತ್ತು. ಮುತುಪ್ ಕೈ ಚಾಚಿದ. ಅವಳು ಮುಖ ತಿರುಗಿಸಿ ಮುದುಕಿಯ ಎದೆಯೊಳಗೆ ಹುದುಗಿದಳು. ಅವಳು ನಿದ್ದೆ ಹೋದ ಮೇಲೆ ಅವನು ಪಿಸುಗುಟ್ಟಿದ.

“ನಾಳೆನೇ ಲೇಹ್‌ಗೆ ಕರ್ಕೊಂಡು ಹೋಗ್ತೀನಿ.”

“ಅಲ್ಲಿ ನೀರಿಲ್ವಾ? ನೀನಿರೋ ಕಡೆ ಅದು. ಅವಳು ಇಲ್ಲಿರಲಿ, ನೀನು ಹೋಗು. ಅವಳ ಮುಂದೆ ಇನ್ನು ನಿನ್ನ ದನಿ ಏಳಬಾರದು.” ಛೋರೋಲ್ ಒಲೆಗೆ ಬೆರಣಿ ತಳ್ಳಿದಳು. “ಹುಲ್ಲುಗಾವಲಿನ ಜಗಳಕ್ಕೆ ಯಾವನೋ ಒಬ್ಬ, ಕಣಿವೆ ಆಚೆಯಿಂದ ಮಾಟಗಾರನ್ನ ತಂದು ನನ್ನ ಮೇಲೆ ಇದನ್ನ ಬಿಟ್ಟ. ಮೂರು ಬೇಸಿಗೆ, ಮೂರು ಮಕ್ಕಳು. ನನ್ನ ದನೀಲೇ ಕರೀತು. ನಾಲ್ಕನೇದನ್ನ ಹುಟ್ಟಿದ ದಿನಾನೇ ನನ್ನದಲ್ಲ ಅಂದೆ, ಬೇರೆಯವರಿಗೆ ಕೊಟ್ಟೆ. ಆಮೇಲೆ ಒಬ್ಬ ಲಾಮಾ ಅದನ್ನ ಕೊಂಬಲ್ಲಿ ಹಿಡಿದು ಹೂತ. ನನ್ನ ಹುಡುಗಿ ಬದುಕಿದಾಳೆ. ಉಣ್ಣೆ ಕೊಳ್ಳೋಕೆ ಬರ್ತಾಳೆ. ಚೌಕಾಸಿ ಬೇರೆ ಮಾಡ್ತಾಳೆ.”

“ಮತ್ತೆ ಹೂಳಿಸಿ ಆಬಿ-ಲೇ. ಕಾಲಿಗೆ ಬೀಳ್ತೀನಿ.”

“ಹಿಡಿಯೋದು ಗೊತ್ತಿದ್ದೋನು ಸತ್ತು ಮೂವತ್ತು ವರ್ಷ ಆಯ್ತು.”

ಅವನು ಹೋದ. ಆದರೆ ವರ್ಷಕ್ಕೊಮ್ಮೆ, ಹೊತ್ತು ಹುಟ್ಟಿದ ಮೇಲೆ ಬಂದು ಮಧ್ಯಾಹ್ನದೊಳಗೆ ಹೊರಟುಬಿಡುವ ಪ್ರವಾಸಿಗರ ಗಾಡಿ ಓಡಿಸಿಕೊಂಡು ಬರುತ್ತಿದ್ದ. ಛೋರೋಲ್ ಬೈಯುತ್ತಿದ್ದಳು, ಆದರೂ ಕೂರಿಸಿ ಚಹಾ ಹಾಕುತ್ತಿದ್ದಳು. ಅವನು ಬಾಯಿ ಬಿಡುತ್ತಿರಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಬಟ್ಟಲು ತಂದವಳು ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಜಡೆ ಸೊಂಟ ಮುಟ್ಟುತ್ತಿತ್ತು. ಗುರುತಿಲ್ಲದ ಯಾರೋ ಅಣ್ಣನೆಂಬಂತೆ ಅವನನ್ನು ಅಚೋ ಎಂದು ಕರೆದಳು; ಮೂಗನಿಗೆ ಕಿವಿಯೂ ಕೇಳದೆಂದುಕೊಂಡು ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡಿದಳು.

“ಕುಡೀರಿ ಅಚೋ. ಬೆಣ್ಣೆ ಜಾಸ್ತಿ ಹಾಕಿದೀನಿ. ಆಬಿಗೆ ಹೇಳ್ಬೇಡಿ.” ತಾನೇ ನಕ್ಕಳು. “ಹೇಳೋಕೆ ಎಲ್ಲಾಗತ್ತೆ ನಿಮಗೆ.”

ಆಮೇಲೆ ಅವನ ಪಕ್ಕ ಕೂತು, ಕೆರೆಯ ಕಡೆ ಗದ್ದ ತೋರಿಸಿದಳು.

“ಅಲ್ಲೊಬ್ಬ ಇದಾನೆ ಗೊತ್ತಾ? ಕರೀತಾನೆ. ದಿನಾ ಅಲ್ಲ. ನಿಮ್ಮ ಗಾಡಿ ಬಂದ ದಿನ ಮಾತ್ರ. ಮೊದ್ಲು ಹೆದರಿಕೆ ಆಗ್ತಿತ್ತು. ಈಗ ಇಲ್ಲ. ತುಂಬ ಪ್ರೀತಿಯಿಂದ ಕರೀತಾನೆ ಪಾಪ. ಇವತ್ತು ಬೆಳಿಗ್ಗೆ ಅವನ ಹತ್ರ ಹೋಗೇಬಿಡೋಣ ಅನ್ನಿಸ್ತು.”

ಬಟ್ಟಲಿನ ಚಹಾ ಅವನ ಬೆರಳಿನ ಮೇಲೆ ತುಳುಕಿತು. ಅವಳು ತನ್ನ ಅಂಗಿಯ ತೋಳಿನಿಂದ ಒರೆಸಿದಳು.

“ಬರೋ ವರ್ಷಾನೂ ಬರ್ತೀರಲ್ಲ ಅಚೋ?”

ಮುತುಪ್ ಅವಳ ಮುಖ ನೋಡಿದ. ಹುಬ್ಬು ತಾಯಿಯದು, ಗದ್ದ ತನ್ನದು. ಚೆನ್ನಾಗಿ, ತುಂಬ ಹೊತ್ತು ನೋಡಿದ. ಆಮೇಲೆ ಬರುವುದಿಲ್ಲವೆಂದು ತಲೆಯಲ್ಲಾಡಿಸಿದ.