ಇನ್ನೊಂಚೂರು ಹಿಂದೆ

ಸರ್ವೇಯರನ ಭಾಮೈದ ಆ ವಿಷಯ ಬಾಯಿಬಿಟ್ಟದ್ದು ಎರಡನೇ ಬಿಯರ್ ಬಂದ ಮೇಲೆ. ಅಲ್ಲಿಯವರೆಗೆ ಬಾರಿನ ಟೇಬಲ್ಲಿನಲ್ಲಿ ಕ್ಯಾಮೆರಾ ಹುಚ್ಚಿನ ಆ ನಾಲ್ವರ ಎಂದಿನ ಭಾನುವಾರದ ಜಗಳವೇ ನಡೆದಿತ್ತು. ಜೂಮ್ ಇಲ್ಲದ ಲೆನ್ಸನ್ನು ಯಾಕಿಷ್ಟು ಹೊಗಳುತ್ತೀರಿ ಅಂತ ಹಲ್ಲಿನ ಡಾಕ್ಟರ ತಕರಾರು.

"ಜೂಮ್ ನಿನ್ನ ಕಾಲಲ್ಲೇ ಇದೆ ಕಣಯ್ಯ. ಮುಖ ಬೇಕಾದ್ರೆ ಮುಂದೆ ಹೋಗು, ಪೂರ್ತಿ ಆಳು ಬೇಕಾದ್ರೆ ಹಿಂದೆ ಹೋಗು," ಅಂದ ಸ್ಕ್ರೂ. ಕ್ಯಾಮೆರಾ ರಿಪೇರಿ ಅಂಗಡಿಯ ಆ ಮನುಷ್ಯನ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು.

"ಹಿನ್ನೆಲೆ ಮಂಜಾಗ್ಲಿ ಅಂತ ಅಷ್ಟು ಭಾರ ಹೊರಬೇಕಾ? ಈ ಗ್ಲಾಸಿನ ತಳದಿಂದ ನೋಡಿದ್ರೂ ಹಾಗೇ ಕಾಣುತ್ತೆ," ಅಂದರು ಡಾಕ್ಟರು.

ಎಲ್ಲರೂ ನಕ್ಕರು, ಸರ್ವೇಯರೂ ನಕ್ಕ. ಸಪ್ಲೈಯರ್ ಪಕ್ಕದ ಟೇಬಲ್ಲನ್ನು ಇವರ ಬೆನ್ನಿಗೆ ತಾಗಿಸುವಷ್ಟು ಹತ್ತಿರ ಎಳೆದಾಗ ಸರ್ವೇಯರ್ ಅಂಗೈ ಚಾಚಿ ಗಾಳಿಯನ್ನು ಎರಡು ಸಲ ಮೆಲ್ಲಗೆ ತಳ್ಳಿದ. ಹೊಲದಾಚೆ ಅಳತೆಕೋಲು ಹಿಡಿದು ನಿಂತವನಿಗೆ ಕೂಗಿದರೆ ಕೇಳಿಸುವುದಿಲ್ಲ; ಇನ್ನೊಂಚೂರು ಹಿಂದೆ ಅನ್ನುವುದಕ್ಕೆ ಅವನ ಕಸುಬಿನಲ್ಲಿ ಅದೇ ಸನ್ನೆ. "ಬಾರನ್ನೂ ಅಳೀತೀಯೇನಯ್ಯಾ?" ಅಂತ ಡಾಕ್ಟರು ಪ್ರತಿ ವಾರದ ಹಾಗೆ ಈ ವಾರವೂ ಕೇಳಿದರು.

ಆಗ ಭಾಮೈದ ಹೇಳಿದ. "ಭಾವ, ಬೆಳಿಗ್ಗೆ ಕೆರೆ ಹತ್ರ ನನ್ನ ಮೆಮೊರಿ ಕಾರ್ಡ್ ಕೈಕೊಡ್ತು. ನಿಮ್ಮ ಬ್ಯಾಗಿಂದ ಒಂದು ತಗೊಂಡು ಫಾರ್ಮ್ಯಾಟ್ ಹೊಡೆದೆ. ಅದರಲ್ಲಿ ಏನೂ ಇರ್ಲಿಲ್ಲ ತಾನೆ?"

ಶಟರ್ ಒತ್ತುವ ಮೊದಲು ಕಾರ್ಡು ಖಾಲಿ ಮಾಡುವುದು ಅವನ ಚಟ. ಇನ್ನೊಬ್ಬರ ಕಾರ್ಡಾದರೂ ಬೆರಳು ತಾನಾಗಿಯೇ ಆ ಗುಂಡಿಗೆ ಹೋಗುತ್ತಿತ್ತು. ಬ್ಯಾಗಿನ ಒಳಜೇಬಿನಲ್ಲಿದ್ದ ಆ ಕಾರ್ಡಿನಲ್ಲಿ ಸರ್ವೇಯರನ ಹೆಂಡತಿಯ ಕೊನೆಯ ಬೇಸಿಗೆ ಇತ್ತು. ಕೂದಲು ಉದುರಿದ ತಲೆಗೆ ಟವೆಲ್ ಸುತ್ತಿಕೊಂಡು ಬಾಲ್ಕನಿಯಲ್ಲಿ ಕೂತವಳು, ಮಾತ್ರೆ ನುಂಗಿ ಮುಖ ಕಿವುಚಿದವಳು, ಸಾಕು ತೆಗೀಬೇಡಿ ಅಂತ ಕೈ ಅಡ್ಡ ಹಿಡಿದು ನಗುತ್ತಿದ್ದವಳು. ನೋಡುವ ಧೈರ್ಯ ಬಂದ ದಿನ ನೋಡೋಣ ಅಂತ ಅವನು ಅದನ್ನು ಬೇರೆಲ್ಲೂ ಇಳಿಸಿಕೊಂಡಿರಲಿಲ್ಲ.

ಅದರಲ್ಲಿ ಏನಿತ್ತು ಅಂತ ಗೊತ್ತಾದ ಮೇಲೆ ಭಾಮೈದನ ಮುಖ ಬಿಳಿಚಿಕೊಂಡಿತು. ಅವಳು ಅವನಿಗೆ ಒಡಹುಟ್ಟಿದ ಅಕ್ಕ. ತಪ್ಪಾಯ್ತು ಭಾವ, ತಪ್ಪಾಯ್ತು ಅಂತ ನಾಲ್ಕು ಜನರ ಮುಂದೆ ಬಿಕ್ಕಿಬಿಕ್ಕಿ ಅತ್ತ. ಸರ್ವೇಯರನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಕೊಡುವ ಇಂಜೆಕ್ಷನ್ನು ಒಸಡಿನಿಂದ ಎದೆಗೆ ಇಳಿದ ಹಾಗಿತ್ತು. ಹೋಗ್ಲಿ ಬಿಡು, ಆ ಕಾರ್ಡ್ ನೀನೇ ಇಟ್ಕೋ, ಅಂದ. ಬಿಯರ್ ಮುಗಿಸಿದ. ರುಚಿ ಗೊತ್ತಾಗಲಿಲ್ಲ.

ಮುಂದಿನ ವಾರಗಳಲ್ಲಿ ಅವನು ಒಂದನ್ನು ಗಮನಿಸಿದ. ಭಾಮೈದ ಮತ್ತು ಸ್ಕ್ರೂ ತಲೆಗೆ ತಲೆ ಕೊಟ್ಟು ಏನೋ ಪಿಸುಗುಟ್ಟುವರು, ಇವನು ಬಂದ ಕೂಡಲೇ ಟ್ರೈಪಾಡಿನ ಮಾತು ಎತ್ತುವರು. ಒಮ್ಮೆ ಭಾಮೈದ ನಗುತ್ತಲೂ ಇದ್ದ. ಅಷ್ಟು ಬೇಗ ಮರೆತನಲ್ಲ ಅನ್ನಿಸಿತು. ಅವನನ್ನು ಕೊಲ್ಲುವ ಯೋಚನೆ ಬಂದಾಗಲೂ ಎದೆ ಜೋರಾಗಿ ಹೊಡೆದುಕೊಳ್ಳಲಿಲ್ಲ. ಹೊಸ ಅಳತೆಯ ಕೆಲಸ ಒಪ್ಪಿಕೊಂಡ ಹಾಗೆ ಸುಮ್ಮನೆ ಒಪ್ಪಿಕೊಂಡ.

ಊರಾಚೆಯ ಕಲ್ಲುಕ್ವಾರಿಯನ್ನು ಅವನೇ ಒಮ್ಮೆ ಅಳೆದಿದ್ದ. ಈಗ ಅದು ಪಾಳುಬಿದ್ದಿತ್ತು. ಮೇಲೆ ಅಂಗಳದಂಥ ಬಯಲು, ಅಂಚಿನ ತುಂಬ ಮೊಣಕಾಲೆತ್ತರದ ಹುಲ್ಲು, ಹುಲ್ಲು ಮುಗಿದಲ್ಲಿ ನೆಟ್ಟಗೆ ಕೆಳಗೆ ಬಂಡೆ. ಜೂಮ್ ಇಲ್ಲದ ಲೆನ್ಸೊಂದನ್ನು ಕೊಂಡುತಂದ. ಆ ಲೆನ್ಸಿನಲ್ಲಿ ಒಬ್ಬ ಮನುಷ್ಯ ಅಡಿಯಿಂದ ಮುಡಿಯವರೆಗೆ ಹಿಡಿಸಬೇಕಾದರೆ ಎಷ್ಟು ದೂರ ನಿಲ್ಲಬೇಕು ಅಂತ ಮನೆಯ ಓಣಿಯಲ್ಲೇ ಲೆಕ್ಕ ಹಾಕಿದ. ಕ್ವಾರಿಗೆ ಹೋಗಿ, ಅಂಚಿನಿಂದ ಸರಿಯಾಗಿ ಅಷ್ಟೇ ದೂರದಲ್ಲಿ ತಾನು ನಿಲ್ಲುವ ಜಾಗಕ್ಕೆ ಒಂದು ಕಲ್ಲಿಟ್ಟು ಬಂದ. ಮುಟ್ಟುವುದಿಲ್ಲ, ತಳ್ಳುವುದಿಲ್ಲ. ವ್ಯೂಫೈಂಡರಿಗೆ ಕಣ್ಣಿಟ್ಟು ಹಿಂದಕ್ಕೆ ನಡೆಯುವವರು ಬೀಳುವುದು ಹೊಸ ಸುದ್ದಿಯೂ ಅಲ್ಲ.

ಡಾಕ್ಟರು ಕ್ಯಾಂಪಿಗೆ ಹೋದ ಭಾನುವಾರ ಇಬ್ಬರೇ ಹೊರಟರು. ಸ್ಕ್ರೂ ಹೇಗೂ ಬೆಳಿಗ್ಗೆ ಬೇಗ ಏಳುವ ಪೈಕಿ ಅಲ್ಲ. ಭಾಮೈದ ಕ್ವಾರಿಯನ್ನು ಅದೇ ಮೊದಲು ನೋಡಿದ್ದು. ಹೊಸ ಲೆನ್ಸನ್ನು ಅವನ ಕೈಗೆ ಕೊಟ್ಟಾಗ ಮಗುವಿನ ಹಾಗೆ ಖುಷಿಪಟ್ಟ.

"ನಿಮ್ದೊಂದು ಒಳ್ಳೆ ಫೋಟೋ ಬೇಕಿತ್ತು ಭಾವ. ಅಕ್ಕನ ಪಕ್ಕಕ್ಕೆ ಹಾಕೋಕೆ."

"ಪೂರ್ತಿ ಬರ್ಲಿ. ಕಾಲು ಕಟ್ ಮಾಡ್ಬೇಡ," ಅಂದ ಸರ್ವೇಯರ್, ಕಲ್ಲಿನ ಪಕ್ಕ ನಿಂತು.

ಭಾಮೈದ ಕ್ಲಿಕ್ಕಿಸುತ್ತ ಹಿಂದೆ ಹೋದ. ಮಂಡಿಯವರೆಗೆ ಬಂತು ಅಂದ. ಪಾದ ಇನ್ನೂ ಬರಲಿಲ್ಲ ಅಂದ. ಸರ್ವೇಯರ್ ಮುಗುಳ್ನಕ್ಕು ಕೈ ಎತ್ತಿದ. ಆಮೇಲೆ ಬರೀ ಹುಲ್ಲು ಇತ್ತು. ಕೆಳಗಿನಿಂದ ಬಂದ ಸದ್ದು ಅವನು ಅಂದುಕೊಂಡಿದ್ದಕ್ಕಿಂತ ಸಣ್ಣದು.

ಲಾರಿ ದಾರಿಯಲ್ಲಿ ಇಳಿದು ಹೋದ. ಭಾಮೈದ ಸತ್ತಿದ್ದ. ಲೆನ್ಸು ಪುಡಿಯಾಗಿತ್ತು, ಕ್ಯಾಮೆರಾ ಮಾತ್ರ ಬದುಕಿತ್ತು. ಭಾಮೈದನ ಬೆರಳು ಹೋಗುತ್ತಿದ್ದ ಆ ಗುಂಡಿ ಒತ್ತಿದ; ಕಾರ್ಡು ಫಾರ್ಮ್ಯಾಟ್ ಮಾಡಲೇ ಅಂತ ಪರದೆ ಕೇಳಿತು. ಅವನು ಹೂಂ ಒತ್ತಿದ. ಈ ಕೆಲಸದಲ್ಲಿ ಅವನಿಗೆ ಸಮಾಧಾನ ತಂದದ್ದು ಇದೊಂದೇ: ಭಾಮೈದ ಮಾಡಿದ್ದನ್ನೇ ಭಾಮೈದನಿಗೆ ಮಾಡಿದ್ದು. ಕಾರ್ಡು ಖಾಲಿ ಇದ್ದರೆ ಅನುಮಾನಕ್ಕೂ ಎಡೆಯಿಲ್ಲ. ಎಂದಿನ ಚಟದಂತೆ ಖಾಲಿ ಮಾಡಿಕೊಂಡ, ಮೊದಲ ಫೋಟೋಗೆ ಜಾಗ ಹುಡುಕುವಾಗ ಬಿದ್ದ, ಅಷ್ಟೆ. ನಾನು ಕಾರಿನಲ್ಲಿ ಕೂತು ಕಾಫಿ ಕುಡೀತಿದ್ದೆ, ಏನೂ ನೋಡ್ಲಿಲ್ಲ, ಅಂತ ಇನ್ಸ್‌ಪೆಕ್ಟರಿಗೆ ಹೇಳಿದ. ಇನ್ಸ್‌ಪೆಕ್ಟರ್ ಅವನ ಬೆನ್ನು ತಟ್ಟಿ, ಕ್ಯಾಮೆರಾವನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟರು.

ಸರ್ವೇಯರನ ಹೆಂಡತಿಯ ಹುಟ್ಟಿದ ದಿನ ಸ್ಕ್ರೂ ಅವನನ್ನು ಬಾರಿಗೆ ಕರೆದ. ಡಾಕ್ಟರು ಇರಲಿಲ್ಲ. ಸ್ಕ್ರೂ ಬಿಯರ್ ತರಿಸಿದ್ದ, ತಾನು ಮುಟ್ಟಿರಲಿಲ್ಲ. ಲ್ಯಾಪ್‌ಟಾಪನ್ನು ಇವನ ಕಡೆ ತಿರುಗಿಸಿದ. ಪರದೆಯ ಮೇಲೆ ಅವಳು. ತಲೆಗೆ ಟವೆಲ್, ಬಾಲ್ಕನಿಯ ಬಿಸಿಲು, ಅಡ್ಡ ಹಿಡಿದ ಕೈ.

"ನಿನ್ನ ಭಾಮೈದ ಅವತ್ತೇ ಕಾರ್ಡ್ ತಂದು ನನ್ನ ಕೈಗಿಟ್ಟ. ಹೇಗಾದ್ರೂ ವಾಪಸ್ ತೆಗಿ, ಅಕ್ಕನ ಹುಟ್ಟಿದ ದಿನ ಭಾವಂಗೆ ಕೊಡ್ಬೇಕು, ಅಲ್ಲೀವರೆಗೂ ಬಾಯಿ ಬಿಡ್ಬೇಡ ಅಂದಿದ್ದ. ಅವತ್ತು ಕೆರೆ ಹತ್ರ ಅವನು ತೆಗೆದ ಹಕ್ಕಿ ಫೋಟೋಗಳ ಅಡಿ ಸಿಕ್ಕ ನಾಲ್ಕಾರು ಹೋಗಿವೆ. ಮಿಕ್ಕಿದ್ದೆಲ್ಲ ಇದೆ."

ಸರ್ವೇಯರ್ ಅವಳನ್ನೇ ನೋಡಿದ. ಇಷ್ಟು ದಿನ ಎಲ್ಲಿ ನಿಂತಿತ್ತೋ, ಅಳು ಈಗ ಬಂತು. ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಸ್ಕ್ರೂ ಅವನನ್ನು ಸಮಾಧಾನ ಮಾಡಲಿಲ್ಲ.

"ಫಾರ್ಮ್ಯಾಟ್ ಮಾಡಿದ್ರೆ ಫೋಟೋ ಹೋಗಲ್ಲ ಕಣೋ. ಮನೆ ಹೊರಗಿನ ಬೋರ್ಡು ಕಿತ್ತ ಹಾಗೆ ಅಷ್ಟೆ, ಅದರ ಮೇಲೆ ಬೇರೆ ತೆಗೆಯೋವರೆಗೂ ಎಲ್ಲಾ ಒಳಗೇ ಇರುತ್ತೆ," ಅಂದ ಸ್ಕ್ರೂ, ಪರದೆಯಿಂದ ಕಣ್ಣು ತೆಗೆಯದೆ. "ನಿಮ್ಮತ್ತೆ ಕ್ಯಾಮೆರಾ ತಂದ್ರು, ಮಗ ತೆಗೆದ ಕೊನೇ ಫೋಟೋ ಏನಾದ್ರೂ ಸಿಗುತ್ತಾ ನೋಡಪ್ಪ ಅಂತ. ಅದಕ್ಕೂ ಇದೇ ಮಾಡ್ದೆ. ಅವರಿಗೆ ತೋರಿಸೋಕೆ ಮನಸ್ಸು ಬರ್ಲಿಲ್ಲ. ಇನ್ಸ್‌ಪೆಕ್ಟರಿಗೆ ಕೊಟ್ಟು ಬಂದೆ, ಹೊರಗೆ ಇದಾರೆ." ಅವನು ಒಂದು ಕೀಲಿ ಒತ್ತಿದ. ಅವಳು ಹೋಗಿ ಬಂಡೆಬಯಲು ಬಂತು. ಮೊದಲ ಫೋಟೋದಲ್ಲಿ ಸರ್ವೇಯರನ ಮುಖ, ಆಮೇಲೆ ಎದೆ, ಆಮೇಲೆ ಮಂಡಿ. ಕೊನೆಯದರಲ್ಲಿ ಅವನು ಅಡಿಯಿಂದ ಮುಡಿಯವರೆಗೆ ಚೊಕ್ಕಟವಾಗಿ ಬಂದಿದ್ದ, ಹಿನ್ನೆಲೆ ಮಂಜಾಗಿತ್ತು. ಮುಗುಳ್ನಗುತ್ತ, ಅಂಗೈ ಚಾಚಿ, ಗಾಳಿಯನ್ನು ಮೆಲ್ಲಗೆ ತಳ್ಳುತ್ತಿದ್ದ.