ಹತ್ತು ನಿಮಿಷದ್ದು ಇತ್ತಲ್ಲ...

ಯಾರಪ್ಪ ಅದು, ಹೋದ ಸಲದ ಕಥೆ ಕೇಳಿ ‘ಮುದುಕನಿಗೆ ಅರಳುಮರಳು’ ಎಂದವರು? ಕನ್ನಡಕ ಎಲ್ಲಿಟ್ಟೆನೆಂಬುದು ಮರೆತಿರಬಹುದು. ಆದರೆ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಒಂದು ಹೆಣ್ಣುಮಗಳ ಎದೆ ಒಡೆದದ್ದು ನನ್ನ ಬಾಯಿಂದಲೇ. ಅದು ಮರೆಯುತ್ತದೆಯೇ? ಸುಮ್ಮನೆ ಕೇಳಿ!

ಅವಳು ಮನೆಯಲ್ಲೇ ಕುಳಿತು ಪುಸ್ತಕಗಳ ಕರಡು ತಿದ್ದುವವಳು. ಒಂದು ಮಧ್ಯಾಹ್ನ ಕೈಯಲ್ಲೊಂದು ಹಾಳೆ ಹಿಡಿದು ಅಂಗಡಿಗೆ ನುಗ್ಗಿದಳು.

“ನೋಡಿ! ನನ್ನ ಕಂಪ್ಯೂಟರಲ್ಲಿ ನಾನೂರ ಹನ್ನೆರಡು ದೋಷ ಇದೆಯಂತೆ!”

ನನ್ನಲ್ಲಿ ಕೆಲಸಕ್ಕಿದ್ದ ರಿಪೇರಿಯವನು, ಎಲ್ಲರ ಬಾಯಲ್ಲೂ ‘ಸ್ಕ್ರೂ’, ನಕ್ಕೇಬಿಟ್ಟ.

“ಪುಕ್ಕಟೆ ಸಾಫ್ಟ್‌ವೇರ್ ಹಾಕ್ಕೊಂಡ್ರಾ? ಅದಕ್ಕೆ ಇಸ್ತ್ರಿಪೆಟ್ಟಿಗೆ ತೋರಿಸಿದ್ರೂ ನಾನೂರು ದೋಷ ಅನ್ನುತ್ತೆ.”

“ನಗಬೇಡಿ! ತಪ್ಪು ಹುಡುಕೋದೇ ನನ್ನ ಕಸುಬು. ನಿಮ್ಮದನ್ನೂ ಹುಡುಕ್ತೀನಿ.”

“ಹುಡುಕಿ... ನಿಧಾನವಾಗೇ ಹುಡುಕಿ.”

ಅಲ್ಲಿಗೆ ನಮ್ಮ ಸ್ಕ್ರೂ ಸಡಿಲವಾಯಿತು!

ತಪಾಸಣೆಗೆಂದು ಅವಳ ಮನೆಗೆ ಹೋದ. ಮೆಮೊರಿ ಪರೀಕ್ಷಿಸಲು ಒಂದು ಸಾಫ್ಟ್‌ವೇರ್, ವೈರಸ್ ಹುಡುಕಲು ಇನ್ನೊಂದು. ದಿನಕ್ಕೊಂದು. ಯಾವುದು ಆಮೆಯಂತೆ ಓಡುತ್ತದೋ ಅದನ್ನೇ ಆರಿಸುತ್ತಿದ್ದ, ಕಳ್ಳ! ಅದು ಓಡುವಷ್ಟು ಹೊತ್ತು ಅವಳೆದುರಿನ ಕುರ್ಚಿಯಲ್ಲಿ ಕೂರಬಹುದಲ್ಲ.

ಆ ಕುರ್ಚಿ ಅವಳ ತಾಯಿಯದು. ತಾಯಿ ಮೂಲ ಪ್ರತಿಯನ್ನು ಒಂದು ವಿರಾಮಚಿಹ್ನೆಯನ್ನೂ ಬಿಡದೆ ಗಟ್ಟಿಯಾಗಿ ಓದುತ್ತಿದ್ದರು, ಮಗಳು ತಿದ್ದುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಮಲಗಿದಲ್ಲೇ ಓದಿ ಧ್ವನಿ ಮುದ್ರಿಸಿಟ್ಟರು. ಈಗ ತಾಯಿಯಿಲ್ಲ. ದನಿ ಆ ಕಂಪ್ಯೂಟರಿನಲ್ಲಿ ಮಾತ್ರ.

‘ಅಮ್ಮ ಹೋದಮೇಲೆ ಈ ಕುರ್ಚಿಯಲ್ಲಿ ಇಷ್ಟು ಹೊತ್ತು ಯಾರೂ ಕೂತಿರಲಿಲ್ಲ...’ ಅವಳಿಗೆ ಒಳಗೊಳಗೇ ಹಿತವೆನಿಸಿತು.

ಕೊನೆಗೆ ಉಳಿದದ್ದು ಹಾರ್ಡ್ ಡಿಸ್ಕ್. ಹತ್ತು ನಿಮಿಷದ ತಪಾಸಣೆಯಿತ್ತು, ಮೂಲೆಮೂಲೆ ಓದುವ ಆರು ಗಂಟೆಯದೂ ಇತ್ತು. ಅವನು ಆರು ಗಂಟೆಯದನ್ನೇ ಒತ್ತಿದ. ‘ಮೊದಲು ಡಿಸ್ಕಿನಲ್ಲಿರುವುದಕ್ಕೆಲ್ಲ ನಕಲು, ಆಮೇಲೆ ತಪಾಸಣೆ’ ಎಂದು ದಿನಾ ಬಡಿದುಕೊಳ್ಳುತ್ತಿದ್ದವನು, ಅವಳ ನಗು ನೋಡುತ್ತ ನಕಲನ್ನೇ ಮರೆತ!

ಐದನೇ ಗಂಟೆಗೆ ಡಿಸ್ಕ್ ಟಕ್... ಟಕ್ ಎಂದಿತು. ಆಮೇಲೆ ಏನೂ ಇಲ್ಲ.

ಮರುದಿನ ಅಂಗಡಿಗೆ ಬಂದವಳ ಕಣ್ಣು ಊದಿತ್ತು. “ಹಳೇ ಡಿಸ್ಕ್, ಅದರ ಆಯಸ್ಸೇ ಅಷ್ಟೇನೋ...” ಎಂದು ಅವನನ್ನೇ ಸಮಾಧಾನ ಮಾಡುತ್ತಿದ್ದಳು. ಆಗ ನನ್ನ ಹಾಳು ಬಾಯಿ!

“ಅಲ್ಲಯ್ಯಾ, ಅಂಥ ಹಳೇದಕ್ಕೆ ಆರು ಗಂಟೆಯದು ಯಾಕೆ ಹಾಕಿದೆ? ಹತ್ತು ನಿಮಿಷದ್ದು ಇತ್ತಲ್ಲ!”

ಅವಳು ಅವನತ್ತ ತಿರುಗಿದಳು.

“ಇತ್ತಾ?”

ಅವನು ತಲೆ ತಗ್ಗಿಸಿದ.

“ಮತ್ತೆ ಯಾಕೆ? ಹೇಳಿ! ಅವತ್ತು ನಕ್ಕ ಹಾಗೆ ನಮ್ಮಮ್ಮನ ದನಿನೂ ನಿಮಗೆ ತಮಾಷೆನಾ?”

‘ನಿಮ್ಮೆದುರು ಕೂರಲು’ ಎಂದು ಯಾವ ಬಾಯಲ್ಲಿ ಹೇಳಿಯಾನು?

“ಇನ್ನು ನನ್ನ ಹೊಸ್ತಿಲು ತುಳೀಬೇಡಿ.”

ಎಂಟು ತಿಂಗಳು! ಅವಳು ಖಾಲಿ ಕುರ್ಚಿಗೆ ತಾನೇ ಓದಿ, ತಾನೇ ತಿದ್ದಿದಳು. ‘ಅಳ್ತಿರೋದು ಅಮ್ಮನ ದನಿ ಹೋಯ್ತು ಅಂತಲೋ... ಅವನು ಬರಲಿಲ್ಲ ಅಂತಲೋ?’ ಉತ್ತರ ಗೊತ್ತಾದಾಗೆಲ್ಲ ತನ್ನ ಮೇಲೇ ಸಿಟ್ಟಾಗುತ್ತಿದ್ದಳು.

ಇತ್ತ ಅವನು ಅಂಗಡಿಯಲ್ಲೇ ಉಳಿದಿದ್ದ ಆ ಸತ್ತ ಡಿಸ್ಕನ್ನು ಬಿಚ್ಚಿ, ಜೋಡಿಸಿ, ಕಳೆದದ್ದನ್ನು ಹುಡುಕುವ ಸಾಫ್ಟ್‌ವೇರ್ ಒಂದಾದ ಮೇಲೊಂದು ಹಾಕುತ್ತಲೇ ಇದ್ದ. “ಬಿಡೋ ಮಾರಾಯ,” ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅವಳ ಬಾಗಿಲ ಹೊರಗೇ ನಿಂತು ಫೋನ್ ಚಾಚಿದ.

“ಹನ್ನೊಂದು ಸೆಕೆಂಡ್ ಸಿಕ್ಕಿದೆ. ಉಳಿದಿದ್ದು... ಇಲ್ಲ. ಇನ್ನು ಸಿಗೋದೂ ಇಲ್ಲ.”

ಒತ್ತಿದ. ದಣಿದ ದನಿಯೊಂದು ಓದಿತು: “...ಅವನು ಮರಳಿ ಬರಲಿಲ್ಲ, ಪೂರ್ಣವಿರಾಮ. ಅಯ್ಯೋ, ಅಲ್ಲ ಕಣೇ, ಅಲ್ಪವಿರಾಮ. ಮುಂದಿದೆ, ತಾಳು...”

ಅವಳು ಹೊಸ್ತಿಲ ಮೇಲೇ ಕುಸಿದು ಕುಳಿತು ಬಿಕ್ಕಿದಳು.

“ಯಾಕೆ ಅಂತ ಕೇಳಿದ್ರಲ್ಲ,” ಎಂದ ಅವನು. “ಹತ್ತು ನಿಮಿಷ ನನಗೆ ಸಾಲ್ತಿರಲಿಲ್ಲ. ಅಷ್ಟೇ. ತಪ್ಪು ನಂದೇ. ಬರ್ತೀನಿ.”

“ನಿಲ್ಲು.”

ಮೊದಲ ಸಲ ಏಕವಚನ!

“ಹೊಸ ಡಿಸ್ಕ್ ಹಾಕಿಸಿದೀನಿ. ಒಳಗೆ ಬಂದು ನೋಡು.”

“ನಕಲು ಇದೆಯಾ?”

“ಎರಡಿದೆ.”

“ಹಾಗಾದ್ರೆ ಹತ್ತು ನಿಮಿಷದ್ದು ಸಾಕು...”

ಅವಳು ಕಣ್ಣೊರೆಸಿಕೊಂಡು ತಾಯಿಯ ಕುರ್ಚಿಯನ್ನು ಅವನತ್ತ ಎಳೆದಳು.

“ಉದ್ದದ್ದೇ ಹಾಕು.”

ಇದನ್ನೆಲ್ಲ ಆಮೇಲೆ ನನಗೆ ಹೇಳಿದ್ದು ಅವಳೇ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ಕೂತವರು ನಿಮ್ಮಲ್ಲೂ ಒಬ್ಬರಿರುತ್ತಾರೆ. ಅವರಿಗೆ ಇದನ್ನು ದಾಟಿಸಿ. ಮೊದಲು ಒಂದು ನಕಲು ಇಟ್ಟುಕೊಳ್ಳಿ, ಮತ್ತೆ!