ಕೇಳದೆ ತೆರೆದ ತೂಬು

"ಒಳಗ ಯಾರರೆ ಅದೀರೇನ್ರೀ?"

ಕೆರೆಯ ತೂಬಿನ ಬಾವಿಯ ಬಾಯಿಗೆ ಮುಖವೊಡ್ಡಿ ತೂಬು ಕಾಯುವ ಮುದುಕ ನಬಿಸಾಬ್ ಮೂರು ಸಲ ಕೇಳಿದ. ಕೆಳಗೆ ಕತ್ತಲೆ ಬಿಟ್ಟರೆ ಮತ್ತೇನಿರಲಿಲ್ಲ. ಆದರೂ ಪ್ರತಿ ಸಲ ಕೇಳಿದ ಮೇಲೆ ಕಿವಿಗೊಟ್ಟು ನಿಂತ. ಆಮೇಲೆಯೇ ಗೇಟು ಎತ್ತುವ ಕಬ್ಬಿಣದ ಚಕ್ರಕ್ಕೆ ಕೈ ಹಚ್ಚಿದ.

ಕಮಲಾಪುರದ ಆಚೆಯ ಆ ಸಣ್ಣ ಕೆರೆಗೆ ನರಸಿಂಹ ಹೊಸ ಇಂಜಿನಿಯರ್. ಎಂಬತ್ತೆಂಟರ ಆಷಾಢ. ಒಡ್ಡಿನ ಮೇಲಿನ ಜಾಲಿ ಕಡಿಸಿದ್ದ, ಇಲಿಯ ಬಿಲ ಮುಚ್ಚಿಸಿದ್ದ, ಗೇಟಿನ ಕಂಬಿಗೆ ಗ್ರೀಸು ಹಚ್ಚಿಸಿದ್ದ. ಹೀಗೆ ಕತ್ತಲೆಯನ್ನು ಕೇಳುವ ಕೆಲಸ ಮಾತ್ರ ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಉತ್ತರ ಬಂದ್ರ ಹೇಳ್ರಿ ನಬಿಸಾಬ್. ಹಾಜರಿ ಪುಸ್ತಕದಾಗ ಅವರ ಹೆಸರೂ ಹಚ್ಚೋಣು."

"ನಗಬ್ಯಾಡ್ರಿ ಸಾಹೇಬ್ರ. ದತ್ತಪ್ಪ ಹೂಳು ತಗೀಲಾಕ ಈ ಕೊಳವಿ ಒಳಗ ಇಳದಿದ್ದ. ಆಗಿನ ಸಾಹೇಬ್ರು ಕೇಳಲಿಲ್ಲ, ಗೇಟು ಎತ್ತಿಬಿಟ್ರು." ನಬಿಸಾಬ್ ದನಿ ಇಳಿಸಿದ. "ಅವನ ಹೆಂಡತಿ ಶಿವಕಾಂತಮ್ಮ ಮೂರು ಅಮಾಸಿ ಇಲ್ಲೇ ಕುಂತು ಮಾಟ ಮಾಡಿದಳು. ಚಕ್ರದ ಬುಡಕ್ಕ ತಾಮ್ರದ ತಗಡು ಹುಗದಾಳ. ಕೇಳದೆ ತೆರದವಗ ಮುಂದ ಏನೂ ಮುಚ್ಚಬಾರದು ಅಂತ."

"ಅಂಗಡಿ ಇಟ್ಟವಗ ಛೊಲೋ ಆತಲ್ಲ ಹಂಗಾರ."

ನಬಿಸಾಬ್ ನಗಲಿಲ್ಲ. "ಕೇಳಿದ್ರ ಬಾಯೇನು ಸವೆಯಂಗಿಲ್ಲರಿ," ಎಂದಷ್ಟೇ ಅಂದ.

ಶ್ರಾವಣ ಬಂತು. ಮೂರು ದಿನ ಬಿಡದೆ ಸುರಿಯಿತು. ಶುಕ್ರವಾರ ಮಧ್ಯಾಹ್ನ ನಬಿಸಾಬ್ ನಮಾಜಿಗೆಂದು ಕಮಲಾಪುರಕ್ಕೆ ಹೋಗಿದ್ದ. ನರಸಿಂಹ ಒಬ್ಬನೇ ಒಡ್ಡಿನ ಬುಡದಲ್ಲಿ ನಡೆಯುತ್ತ ನಿಂತುಬಿಟ್ಟ. ದಿನವೂ ತಿಳಿಯಾಗಿ ಜಿನುಗುತ್ತಿದ್ದ ನೀರು ಇಂದು ಕೆಂಪಾಗಿ, ರಾಡಿಯಾಗಿ ಬರುತ್ತಿತ್ತು. ತಿಳಿನೀರಿಗೆ ಹೆದರಬೇಕಿಲ್ಲ. ರಾಡಿ ಬಂತೆಂದರೆ ಒಡ್ಡಿನ ಮಣ್ಣೇ ಒಳಗಿಂದ ಕೊರೆದು ಹೋಗುತ್ತಿದೆ ಎಂದರ್ಥ. ಕೆರೆಯ ಮಟ್ಟ ಕೂಡಲೇ ಇಳಿಯಬೇಕು.

ಓಡಿದ. ಚಕ್ರ ಹಿಡಿದ. ಕೇಳಬೇಕೆಂಬುದು ನೆನಪಾಗಲಿಲ್ಲವೆಂದಲ್ಲ, ನೆನಪಾಯಿತು, ನಾಚಿಕೆಯಾಯಿತು. ಓದಿದವನು ಬರಿದಾದ ಬಾವಿಯನ್ನು ಮಾತಾಡಿಸುವುದೇ? ಹಲ್ಲು ಕಚ್ಚಿ ತಿರುಗಿಸಿದ.

ಕೆಳಗಿಂದ ವಾಸನೆ ಎದ್ದಿತು. ಕೊಳೆತ ಪಾಚಿ, ಒದ್ದೆ ಗೋಣಿ, ಅದರಡಿಯಲ್ಲಿ ಸುಟ್ಟ ಕೂದಲು. ನೀರು ಭೋರೆನ್ನುವ ಮೊದಲು ಒಂದು ಸಣ್ಣ ಸದ್ದು ಕೇಳಿತು. ಬೆರಳ ಗೆಣ್ಣಿನಿಂದ ಕಲ್ಲಿಗೆ ಬಡಿದಂತೆ. ಟಕ್. ಟಕ್. ಆಮೇಲೆ ಯಾರೋ ಉತ್ತರ ಹೇಳಲು ಉಸಿರು ಎಳೆದುಕೊಂಡಂತೆ. ಚಕ್ರದ ಅಂಚು ಅಂಗೈ ಸೀಳಿತು.

ನಬಿಸಾಬ್ ಬರುವಷ್ಟರಲ್ಲಿ ಜಿನುಗು ತಿಳಿಯಾಗಿತ್ತು. ಕೆರೆ ಉಳಿಯಿತು. ಇನ್ನು ಗೇಟು ಇಳಿಸಬೇಕು, ನೀರು ಒಮ್ಮೆಲೇ ಇಳಿದರೆ ಒಡ್ಡಿನ ಒಳಮೈ ಕುಸಿಯುತ್ತದೆ. ನರಸಿಂಹ ಚಕ್ರಕ್ಕೆ ಜೋತುಬಿದ್ದರೂ ಅದು ಅಲುಗಲಿಲ್ಲ. ನಬಿಸಾಬ್ ಒಂದೇ ಕೈಯಲ್ಲಿ ತಿರುಗಿಸಿದ. ಗೇಟು ಬೆಣ್ಣೆಯಂತೆ ಜಾರಿ ಕೂತಿತು. ಮುದುಕ ಅವನ ರಕ್ತ ಸೋರುವ ಕೈ ನೋಡಿದ, ಮುಖ ನೋಡಿದ.

ಅಂದು ಸಂಜೆ ಕಲಬುರಗಿಯ ಮನೆಯಲ್ಲಿ ಕದದ ಚಿಲಕ ಅವನ ಕೈಗೆ ಒಗ್ಗಲಿಲ್ಲ. ಹೆಂಡತಿ ಸರಸ್ವತೀಬಾಯಿ ಬಂದು ಹಾಕಿದಳು. ಕೈ ತೊಳೆದ ನಲ್ಲಿ ನಿಲ್ಲಲಿಲ್ಲ. ಅದನ್ನೂ ಅವಳೇ ನಿಲ್ಲಿಸಿದಳು. "ಅಹೋ, ಎಲ್ಲಿ ಅದ ನಿಮ್ಮ ಲಕ್ಷ್ಯ?" ಎಂದು ಗೊಣಗಿದಳು. ನಕ್ಕ. ಪೆನ್ನಿನ ಟೊಪ್ಪಿಗೆ ಕೂಡಲಿಲ್ಲ. ಕೊಡೆ ಮಡಚಲಿಲ್ಲ. ಅಂಗೈಯ ಗಾಯ ಪಟ್ಟಿಯ ಮೇಲೆ ಪಟ್ಟಿ ತೋಯಿಸಿತು. ನಗು ನಿಂತಿತು.

ಆಮೇಲೆ ಹಾಸಿಗೆಗೆ ಬಂದ. ಕಣ್ಣು ಮುಚ್ಚಲಿಲ್ಲ.

ಸರಸ್ವತೀಬಾಯಿ ಸ್ತೋತ್ರ ಹೇಳುತ್ತ ಅಂಗೈಯಿಂದ ರೆಪ್ಪೆ ಸವರಿ ಇಳಿಸಿದಳು. ಕೈ ತೆಗೆದಳು. ರೆಪ್ಪೆ ಮೆಲ್ಲಗೆ ಮೇಲೆದ್ದವು. ಮತ್ತೆ ಸವರಿದಳು. ಮತ್ತೆ ಎದ್ದವು. ಸ್ತೋತ್ರದ ನಡುವೆ ಅವಳಿಗೆ ಸಾಲು ತಪ್ಪಿತು.

ಎರಡು ದಿನ. ನಾಲ್ಕು. ಡಾಕ್ಟರ ಗುಳಿಗೆ ಮೈಯನ್ನು ಮಲಗಿಸಿತು, ಕಣ್ಣನ್ನಲ್ಲ. ಒಣಗಿದ ಗುಡ್ಡೆಯ ಮೇಲೆ ದೂಳು ಕೂತಿತು. ನೊಣ ಕೂತಿತು. ಕೂಡಲಾರ. ನಿಲ್ಲಲಾರ. ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದ. ಗೋಡೆ. ಗೋಡೆ. ಟಕ್. ಗೋಡೆ. ಟಕ್. ಕಣ್ಣೊಳಗಿಂದಲೇ ಯಾರೋ ಬಡಿಯುತ್ತಿದ್ದರು.

ಒಂಬತ್ತನೆಯ ದಿನ ನಬಿಸಾಬ್ ಬಂದು ಅವನ ಕೈ ಹಿಡಿದು ಸ್ಟೇಶನ್ ಬಜಾರಕ್ಕೆ ಕರೆದೊಯ್ದ. ಲಾಡ್ಜೊಂದರ ಹಿಂದೆ ಒಗೆಯುವ ಕಲ್ಲಿನ ಬಳಿ ಶಿವಕಾಂತಮ್ಮ ಚಾದರ ಕುಸುಬುತ್ತಿದ್ದಳು. ಸೋಡಾದ ಘಾಟು, ಇಂಜಿನ್ನಿನ ಹೊಗೆ. ಅವಳು ಅವನ ಕಣ್ಣು ನೋಡಿದಳು. ಯಾರು, ಯಾಕೆ ಎಂದು ಕೇಳಲಿಲ್ಲ.

"ಅವ್ವಾ, ಒಡ್ಡು ಒಡೀತಿತ್ತು. ಊರು ಉಳಸಾಕ ತೆರದೆ."

"ಊರು ಉಳಸೀದಿ ಖರೆ. ಒಂದು ಮಾತು ಕೇಳಿದ್ರ ಊರು ಮುಳಗತಿತ್ತೇನು ತಮ್ಮಾ?"

ಅವನು ಪಟ್ಟಿ ಸುತ್ತಿದ ಕೈ ಮುಂದೆ ಚಾಚಿದ. "ಬಿಡಸ್ರಿ," ಎಂದ.

ಅವಳು ಚಾದರ ಕಲ್ಲಿನ ಮೇಲೆ ಬಿಟ್ಟಳು. "ನನ್ನ ಗಂಡನ್ನ ಕೊಂದವನೂ ಇಲ್ಲೇ ಬಂದಿದ್ದ. ಹಿಂಗೇ ಕಣ್ಣು. ನೋಡಲಾರದೆ ಕರುಣಾ ಬಂತು, ಅವನ ಮ್ಯಾಲಿನ ಮಾಟದ ಗಂಟು ಬಿಚ್ಚಿದೆ."

"ಮುಚ್ಚಿದವೇನು?"

"ಕಣ್ಣು ಮುಚ್ಚಿದವು. ಗಾಯ ಮುಚ್ಚಿತು. ಅಷ್ಟಕ್ಕ ನಿಲ್ಲಲಿಲ್ಲ. ಬಾಯಿ ಮುಚ್ಚಿತು. ಮೂಗಿನ ಹೊಳ್ಳಿ ಮುಚ್ಚಿದವು. ಈ ಕಲ್ಲಿಗೆ ಕೈ ಬಡಕೋತ, ಬಡಕೋತ ಹೋದ." ಅವಳ ದನಿಯಲ್ಲಿ ಗೆದ್ದ ಸುಖವಿರಲಿಲ್ಲ. "ನನಗ ಕಟ್ಟಾಕ ಬರತದ, ಬಿಚ್ಚಾಕ ಬರತದ. ನಡುವ ನಿಲ್ಲಸಾಕ ಬರಂಗಿಲ್ಲ."

ನಬಿಸಾಬ್ ಅವನ ತೋಳು ಎಳೆದ. "ನಡೀರಿ ಸಾಹೇಬ್ರ, ಹೋಗೋಣು."

ನರಸಿಂಹ ಕೊಡವಿಕೊಂಡ. ಸೋಪಿನ ನೀರಿನಲ್ಲಿ ಮೊಣಕಾಲೂರಿದ. ಮುಚ್ಚದ ಕಣ್ಣಿನಿಂದ ನೀರೂ ಬರಲಿಲ್ಲ.

"ಎಲ್ಲಾ ಮುಚ್ಚಲಿ ಅವ್ವಾ. ಉಸಿರೂ ಮುಚ್ಚಲಿ. ಆದ್ರೂ ಬಿಚ್ಚು."

ಶಿವಕಾಂತಮ್ಮ ಚಾದರ ಹಿಂಡಿ ಹೆಗಲಿಗೆ ಹಾಕಿಕೊಂಡಳು.

"ಒಲ್ಲೆ," ಅಂದಳು.